‘ನಮ್ದೇ’ ಅನ್ನುವ ಮಾತಿಗೆ ಕಾಲವಿಲ್ಲ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಸುಮಾರು ಹತ್ತು ನಿಮಿಷ ನಾವು ಭಾರೀ ಶ್ರೀಮಂತರಾಗಿದ್ದೆವು.

ರಾಜಾನುಕುಂಟೆ ಕಡೆ ಒಂದು ಲೇಔಟ್. ಅದರ ಮಗ್ಗುಲಲ್ಲೇ ಕಲ್ಯಾಣ ಮಂಟಪ. ಒಂದು ದ್ರಾಕ್ಷಿ ತೋಟ, ಹದಿನಾಲ್ಕು ಹಸು, ಮನೆ ಬಾಗಿಲಲ್ಲಿ ಬಿಳಿ ಕಾರು. ನಾನು ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಫಿಲ್ಟರಿನ ತಲೆ ತಟ್ಟುತ್ತಾ ಡಿಕಾಕ್ಷನ್ ಇಳಿಯಲಿ ಎಂದು ಕಾಯುತ್ತಿದ್ದೆ. ಅದು ಇಳಿಯುವಷ್ಟರಲ್ಲಿ ಹಾಲ್‌ನಲ್ಲಿ ಕೂತಿದ್ದ ನಮ್ಮ ಅತ್ತೆ ಇಷ್ಟನ್ನೂ ಸಂಪಾದಿಸಿಬಿಟ್ಟಿದ್ದರು.

ಯಾರ ಮುಂದೆ ಅಂತೀರಿ? ನನ್ನ ಮಗಳಿಗೆ ಸ್ಕಾಲರ್‌ಶಿಪ್ ಕೊಡಬಹುದೋ ಬೇಡವೋ, ಈ ಮನೆಯವರಿಗೆ ನಿಜಕ್ಕೂ ಕಷ್ಟ ಇದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿ ವರದಿ ಬರೆಯಲು ಬಂದಿದ್ದ ಟ್ರಸ್ಟಿನ ಮೇಡಂ ಮುಂದೆ.

ಮೊದಲಿನಿಂದ ಹೇಳುತ್ತೇನೆ.

ಈ ಅಂಕಣವನ್ನು ತಪ್ಪದೆ ಓದುವವರಿಗೆ (ಇಬ್ಬರೂ ಕ್ಷೇಮ ತಾನೇ?) ನಮ್ಮ ಯಜಮಾನರ ಉದ್ಯೋಗ ಗೊತ್ತು. ಯಲಹಂಕ ಹಳೇ ಪೇಟೆಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಒಂದು ಮಿಷನ್, ಒಂದು ಕಂಪ್ಯೂಟರ್, ಒಂದು ಲ್ಯಾಮಿನೇಷನ್ ಯಂತ್ರ, ಒಂದು ಸ್ಟೂಲು. ಮುಂದೆ ಒಂದು ಬೋರ್ಡು: ‘ಇಲ್ಲಿ ಎಲ್ಲಾ ರೀತಿಯ ಸ್ಕಾಲರ್‌ಶಿಪ್ ಅರ್ಜಿಗಳನ್ನು ಹಾಕಿಕೊಡಲಾಗುವುದು’. ಆ ಬೋರ್ಡು ನೇತುಹಾಕಿ ವರ್ಷಗಳಾಗಿವೆ. ಸುತ್ತಮುತ್ತಲಿನ ನೂರಾರು ಮಕ್ಕಳ ಅರ್ಜಿಗಳು ಆ ಕಂಪ್ಯೂಟರಿನಿಂದಲೇ ಹೋಗಿವೆ. ಯಾವ ಅರ್ಜಿಗೆ ಫೋಟೊ ಎಷ್ಟು ಸಣ್ಣದಿರಬೇಕು, ಯಾವುದಕ್ಕೆ ಅಪ್ಪನ ಸಹಿ ಸಾಕು, ಯಾವುದಕ್ಕೆ ಕಾಲೇಜಿನ ಸೀಲು ಬೇಕು, ಎಲ್ಲ ಅವರ ಬಾಯಲ್ಲೇ ಇದೆ.

ಅಂಥವರ ಸ್ವಂತ ಮಗಳಿಗೆ ಮೊದಲ ವರ್ಷ ಸ್ಕಾಲರ್‌ಶಿಪ್ ಯಾಕೆ ಬರಲಿಲ್ಲ? ಅರ್ಜಿ ಹಾಕಿದ್ದರೆ ತಾನೇ ಬರುವುದು.

ಮಗಳು ಸಿಂಚನಾಗೆ ಪ್ರೈವೇಟ್ ಕಾಲೇಜಿನಲ್ಲಿ ಫಿಸಿಯೋಥೆರಪಿ ಸೀಟು ಸಿಕ್ಕಿತು. (ಅತ್ತೆಯ ಬಾಯಲ್ಲಿ ಅದು ‘ಕಾಲು ಉಜ್ಜೋ ಓದು’. ತಮ್ಮ ಮಂಡಿ ನೋವಿಗೆಂದೇ ಸರ್ಕಾರ ಈ ಕೋರ್ಸು ತೆರೆದಿದೆ ಎಂದು ಅವರ ನಂಬಿಕೆ.) ‘ರೀ, ಅರ್ಜಿ ಹಾಕಿ’ ಎಂದು ನಾನು ಹೇಳಿದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ.

‘ನಮ್ದೇ ಅಂಗಡಿ, ನಮ್ದೇ ಕಂಪ್ಯೂಟರ್. ಯಾವಾಗ್ ಬೇಕಾದ್ರೂ ಹಾಕ್ಬಹುದು ಬಿಡು.’

ಯಾವಾಗ ಬೇಕಾದರೂ ಎನ್ನುವ ದಿನ ಕೊನೆಗೂ ಬಂತು. ಅದೇ ಅರ್ಜಿಯ ಕೊನೆಯ ದಿನ. ಅಂಗಡಿಯ ಮುಂದೆ ಬಸ್ ನಿಲ್ದಾಣದವರೆಗೆ ಕ್ಯೂ. ಎಲ್ಲರ ಬಾಯಲ್ಲೂ ‘ಅಂಕಲ್, ಅರ್ಜೆಂಟ್’. ಇವರು ಬೇರೆಯವರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ದಡ ಸೇರಿಸಿ, ಬೆವರು ಒರೆಸಿಕೊಂಡು, ಇನ್ನು ನಮ್ಮ ಸರದಿ ಎಂದು ಕೂತಾಗ ಪೋರ್ಟಲ್ ಬಾಗಿಲು ಹಾಕಿಕೊಂಡಿತ್ತು. ಮನೆಗೆ ಬಂದು ಯಾರ ಮುಖವನ್ನೂ ನೋಡದೆ ಊಟ ಮಾಡಿದರು.

ಮೊದಲ ವರ್ಷದ ಫೀಸು ನನ್ನ ಎರಡು ಬಳೆ ಮತ್ತು ಒಂದು ಚೀಟಿಯಲ್ಲಿ ಹೋಯಿತು. ಎರಡನೇ ವರ್ಷಕ್ಕೆ ಬಳೆಯೂ ಇಲ್ಲ, ಚೀಟಿಯೂ ಇಲ್ಲ. ಈ ಸಲ ಎಲ್ಲಿಂದಲಾದರೂ ಸಹಾಯ ಸಿಗದಿದ್ದರೆ ಕಾಲೇಜು ಬಿಡಿಸಬೇಕು. ಇದನ್ನು ನಾವು ಗಂಡ ಹೆಂಡತಿ ಬಾಯಿಬಿಟ್ಟು ಆಡಿರಲಿಲ್ಲ. ಆದರೆ ಮಗಳೇ ಒಂದು ದಿನ, ‘ಅಮ್ಮ, ಒಂದ್ವೇಳೆ ಆಗ್ಲಿಲ್ಲ ಅಂದ್ರೆ ನಾನು ಅಪ್ಪನ ಅಂಗಡೀಲಿ ಕೂರ್ತೀನಿ, ಬೇಜಾರ್ ಮಾಡ್ಕೋಬೇಡ’ ಎಂದಳು. ನನಗೆ ಆ ದಿನ ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಾಗಲಿಲ್ಲ.

ಆದ್ದರಿಂದ ಪಿಯುಸಿ ಮುಗಿಸುವ ಮಕ್ಕಳಿರುವ ಅಪ್ಪ ಅಮ್ಮಂದಿರೇ, ಸ್ವಲ್ಪ ಇಲ್ಲಿ ಕೇಳಿ. ಅರ್ಜಿಗೆ ಸಿದ್ಧವಾಗುವುದು ಯಾವಾಗ? ಫೀಸ್ ಚಲನ್ ಕೈಗೆ ಬಂದ ಮೇಲಲ್ಲ. ಸೀಟು ಸಿಕ್ಕ ಮೇಲೂ ಅಲ್ಲ. ಮಕ್ಕಳು ಪರೀಕ್ಷೆ ಬರೆದು, ರಿಸಲ್ಟ್‌ಗೆ ಕಾಯುತ್ತಾ, ಸೋಫಾ ಮೇಲೆ ಮಲಗಿ ಮೊಬೈಲ್ ಉಜ್ಜುತ್ತಿರುತ್ತಾರಲ್ಲ, ಆಗಲೇ ಎಬ್ಬಿಸಿ ಆದಾಯ ಪ್ರಮಾಣಪತ್ರಕ್ಕೆ ಕರೆದುಕೊಂಡು ಹೋಗಿ. ಮಗುವಿನ ಹೆಸರಿನಲ್ಲೇ ಬ್ಯಾಂಕ್ ಖಾತೆ ಮಾಡಿಸಿ, ಅದಕ್ಕೆ ಆಧಾರ್ ಜೋಡಿಸಿ. ಮಾರ್ಕ್ಸ್ ಕಾರ್ಡಿನಲ್ಲೂ ಆಧಾರಿನಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯೇ ನೋಡಿ. (ನಮ್ಮ ಸಿಂಚನಾಳ ಆಧಾರಿನಲ್ಲಿ ಕೊನೆಗೆ ಒಂದು ‘ಎ’ ಹೆಚ್ಚಾಗಿತ್ತು. ನ್ಯೂಮರಾಲಜಿ ಹೇಳುವ ನನ್ನ ಚಿಕ್ಕಮ್ಮನ ಕಾಣಿಕೆ. ಅದನ್ನು ತೆಗೆಸಲು ಎರಡು ವಾರ ಹಿಡಿಯಿತು.)

ಇನ್ನೊಂದು ವಿಷಯ. ಸರ್ಕಾರದ್ದು ಒಂದೇ ಅಲ್ಲ, ಟ್ರಸ್ಟುಗಳೂ ಕೊಡುತ್ತವೆ. ಅದು ಯಾರಿಗೆ ಗೊತ್ತಿರುತ್ತದೆ? ಪ್ರಿನ್ಸಿಪಾಲರಿಗಲ್ಲ. ಕಾಲೇಜು ಆಫೀಸಿನಲ್ಲಿ ಕಿಟಕಿ ಪಕ್ಕ ಕೂತು, ಯಾವ ಪ್ರಶ್ನೆಗೂ ತಲೆ ಎತ್ತದ ಒಬ್ಬ ಕ್ಲರ್ಕಮ್ಮ ಇರುತ್ತಾರಲ್ಲ, ಅವರಿಗೆ. ಸಿಂಚನಾ ನಾಲ್ಕು ದಿನ ಆ ಕಿಟಕಿಯ ಮುಂದೆ ನಿಂತಳು. ಐದನೇ ದಿನ ಅವರು ತಲೆ ಎತ್ತಿ, ‘ವಾಟರ್ ಫಿಲ್ಟರ್ ಹಿಂದೆ ನೋಟೀಸ್ ಬೋರ್ಡ್ ಇದೆ, ನೋಡಿದ್ಯೇನಮ್ಮ?’ ಎಂದರು. ಫಿಲ್ಟರಿನ ಹಿಂದೆ, ಕಳೆದ ವರ್ಷದ ಕ್ರೀಡಾಕೂಟದ ಪಟ್ಟಿಯ ಕೆಳಗೆ, ಆರ್‌.ಟಿ. ನಗರದ ಒಂದು ಟ್ರಸ್ಟಿನ ಪ್ರಕಟಣೆ ಇತ್ತು.

ಅರ್ಜಿ ಈ ಸಲ ಮೊದಲ ದಿನವೇ ಹೋಯಿತು. ಯಜಮಾನರು ಅಂಗಡಿಯ ಶಟರ್ ಅರ್ಧ ಎಳೆದು, ಹೊರಗೆ ಗಿರಾಕಿ ಕೂಗುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಅಪ್‌ಲೋಡ್ ಮಾಡಿದರು. ವಾರದಲ್ಲಿ ಫೋನು ಬಂತು. ‘ಭಾನುವಾರ ನಮ್ಮವರೊಬ್ಬರು ಮನೆಗೆ ಬರ್ತಾರೆ. ಸುಮ್ನೆ ನೋಡ್ಕೊಂಡು ಹೋಗ್ತಾರೆ ಅಷ್ಟೇ.’

ಸುಮ್ಮನೆ ನೋಡಿಕೊಂಡು ಹೋಗುವವರಿಗಾಗಿ ನಾವು ಹೆಣ್ಣು ನೋಡುವ ಶಾಸ್ತ್ರದಷ್ಟು ತಯಾರಿ ನಡೆಸಿದೆವು. ಒಂದೇ ವ್ಯತ್ಯಾಸ. ಅಲ್ಲಿ ಇಲ್ಲದ್ದನ್ನು ಹೊರಗಿಡುತ್ತಾರೆ, ಇಲ್ಲಿ ನಾನು ಇರುವುದನ್ನು ಒಳಗಿಟ್ಟೆ.

ನಿಜ ಹೇಳಿಬಿಡುತ್ತೇನೆ. ಹೊಸ ಸೋಫಾ ಕವರ್ ತೆಗೆದು, ನೆಲ ಒರೆಸಲು ಎತ್ತಿಟ್ಟಿದ್ದ ಹಳೆಯದನ್ನು ಹಾಕಿದೆ. ತವರಿನವರು ಕೊಟ್ಟ ಮಿಕ್ಸಿಯನ್ನು ಮಂಚದ ಕೆಳಗೆ ತಳ್ಳಿದೆ. ಗೋಡೆ ಗಡಿಯಾರ ಸ್ವಲ್ಪ ಜೋರಾಗಿದೆ ಅನ್ನಿಸಿ ಅದನ್ನೂ ಇಳಿಸುತ್ತಿದ್ದಾಗ ಮಗಳು ನೋಡಿದಳು.

‘ಅಮ್ಮ, ನಮಗೆ ನಿಜವಾಗ್ಲೂ ದುಡ್ಡಿಲ್ಲ. ಇಲ್ಲ ಅಂತ ಆ್ಯಕ್ಟಿಂಗ್ ಯಾಕ್ ಮಾಡ್ಬೇಕು?’

ಗಡಿಯಾರವನ್ನು ಮತ್ತೆ ನೇತುಹಾಕಿದೆ. ಮಿಕ್ಸಿ ಮಾತ್ರ ಮಂಚದ ಕೆಳಗೇ ಉಳಿಯಿತು. ನಂತರ ಎಲ್ಲರನ್ನೂ ಕೂರಿಸಿ ಗಂಭೀರವಾಗಿ ಹೇಳಿದೆ, ‘ಕೇಳಿದ್ದಕ್ಕೆ ಇದ್ದದ್ದನ್ನ ಇದ್ದ ಹಾಗೆ ಹೇಳಿ.’ ಅತ್ತೆ ತಲೆಯಾಡಿಸಿದರು. ವಿದ್ಯಾರ್ಥಿವೇತನ ಅಂದರೇನು ಎಂದು ಮೊಮ್ಮಗಳನ್ನು ಇನ್ನೊಮ್ಮೆ ಕೇಳಿದರು. ಅವಳು ಬಿಡಿಸಿ ಹೇಳಿದ ಮೇಲೆ, ‘ಓದಕ್ಕೂ ಸಂಬಳವಾ? ಕಾಲ ಕೆಟ್ಟಿಲ್ಲ ಬಿಡು’ ಎಂದರು.

ಮೇಡಂ ಬಂದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ರಿಟೈರ್ ಆದವರು. ಹತ್ತಿ ಸೀರೆ, ದಪ್ಪ ಕನ್ನಡಕ, ಕ್ಲಿಪ್ ಹಾಕಿದ ಪ್ಯಾಡು. ನಮ್ಮವರು ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ದಾಖಲೆಗಳ ಜೆರಾಕ್ಸ್ ಮಾಡಿಕೊಂಡು ಬರಲು ಅಂಗಡಿಗೆ ಓಡಿದ್ದರು. (ಜೆರಾಕ್ಸ್ ಅಂಗಡಿಯವನ ಮನೆಯಲ್ಲಿ ಯಾವ ಕಾಗದದ ಎರಡನೇ ಪ್ರತಿಯೂ ಇರುವುದಿಲ್ಲ ಎಂಬ ಸತ್ಯವನ್ನು ನಾನು ಮದುವೆಯಾದ ವರ್ಷವೇ ಕಂಡುಕೊಂಡೆ.) ನಾನು ಕಾಫಿಗೆಂದು ಒಳಗೆ ಹೋದೆ. ಹಾಲ್‌ನಲ್ಲಿ ಮೇಡಂ, ಅತ್ತೆ, ಮಗಳು.

ಗ್ಯಾಸ್ ಸದ್ದಿನ ನಡುವೆ ತುಂಡು ತುಂಡಾಗಿ ಕೇಳಿಸುತ್ತಿತ್ತು.

‘ನಿಮ್ಮದು ಯಾವೂರಮ್ಮ?’

‘ರಾಜಾನುಕುಂಟೆ ತಾವ. ಒಸಿ ಮುಂದಕ್ಕೋದ್ರೆ ಎಡಗಡೆ ದೊಡ್ಡ ಗೇಟ್ ಐತಲ್ಲ, ಎರಡು ಆನೆ ಗೊಂಬೆ ಇಟ್ಟವ್ರೆ. ಅದೆಲ್ಲ ನಮ್ದೇ.’

ಪೆನ್ನಿನ ಸದ್ದು.

‘ಆ ಲೇಔಟ್ ಪೂರ್ತೀನಾ?’

‘ಊಂ. ಅದರ ಪಕ್ಕದಾಗೆ ಕಲ್ಯಾಣ ಮಂಟಪ ಆಗೈತೆ. ಅದೂ ನಮ್ದೇ.’

‘ಮೂಲೇಲಿ ಒಂದು ಪೆಟ್ರೋಲ್ ಬಂಕ್ ಇದೆಯಲ್ಲ?’

‘ಅದು ನಮ್ದಲ್ಲ,’ ಎಂದರು ಅತ್ತೆ. ನನಗೆ ಸ್ವಲ್ಪ ಉಸಿರು ಬಂತು. ‘ಅದು ನಮ್ಮ ಮೈದುನಂದು.’

ಮಗಳು ಅಡುಗೆಮನೆ ಬಾಗಿಲಿಗೆ ಓಡಿ ಬಂದಳು. ‘ಅಮ್ಮ, ಬೇಗ ಬಾ. ಅಜ್ಜಿ ದ್ರಾಕ್ಷಿ ತೋಟಕ್ಕೆ ಬಂದ್ಬಿಟ್ರು.’

ನಾನು ಕಾಫಿ ಲೋಟ ಹಿಡಿದು ಹೊರಬರುವಾಗ ಮೇಡಂ ಕಿಟಕಿಯಿಂದ ಹೊರಗೆ ನೋಡುತ್ತಾ, ‘ಸ್ವಂತ ವಾಹನ?’ ಎಂದು ಕೇಳುತ್ತಿದ್ದರು. ಅತ್ತೆ ಅದೇ ಕಿಟಕಿಯತ್ತ ಗಲ್ಲ ಎತ್ತಿ ತೋರಿಸಿ, ‘ಬಾಗ್ಲಾಗೇ ನಿಂತೈತಲ್ಲ’ ಎಂದರು. ಎದುರು ಮನೆಯವರ ಏರ್‌ಪೋರ್ಟ್ ಟ್ಯಾಕ್ಸಿ. ಅವರ ಮನೆ ಮುಂದೆ ಮೋರಿ ರಿಪೇರಿ ನಡೆಯುತ್ತಿರುವುದರಿಂದ ಒಂದು ತಿಂಗಳಿಂದ ನಮ್ಮ ಗೇಟಿನಲ್ಲೇ ನಿಲ್ಲುತ್ತದೆ.

ಈಗ ನಿಮಗೆ ನಮ್ಮ ಮನೆಯ ಇತಿಹಾಸ ಹೇಳಬೇಕು. ಆ ಜಮೀನು ನಮ್ಮದಾಗಿದ್ದದ್ದು ನಿಜ. ನಾದಿನಿಯರಿಬ್ಬರ ಮದುವೆಗೆಂದು ನಮ್ಮ ಮಾವ ಅದನ್ನು ಮಾರಿದರು. ಮಾರಿದ್ದು ಯಾವಾಗ? ವಿಮಾನ ನಿಲ್ದಾಣದ ಸುದ್ದಿ ಇನ್ನೂ ಯಾರ ಕಿವಿಗೂ ಬೀಳದಿದ್ದಾಗ. ಕಾದು ಕೂತವರು ಇವತ್ತು ಬಿಲ್ಡರುಗಳಾಗಿದ್ದಾರೆ, ಕೈಗೆ ಬಳೆಯಂಥ ಚೈನು ಹಾಕಿಕೊಂಡಿದ್ದಾರೆ. ನಾವು ಮೊದಲೇ ಮಾರಿದವರು ಜೆರಾಕ್ಸ್ ಅಂಗಡಿ ಇಟ್ಟಿದ್ದೇವೆ. ಮಾವ ಹೋಗಿ ಎಷ್ಟೋ ವರ್ಷವಾಯಿತು. ಆದರೆ ದೊಡ್ಡಬಳ್ಳಾಪುರದ ಬಸ್ಸು ಆ ಆನೆ ಗೇಟಿನ ಮುಂದೆ ಹೋಗುವಾಗಲೆಲ್ಲ ಅತ್ತೆ ಪಕ್ಕದ ಸೀಟಿನವರ ಮೊಣಕೈ ತಟ್ಟಿ ಹೇಳುತ್ತಾರೆ, ‘ನಮ್ದೇ.’

ಸುಳ್ಳು ಹೇಳುತ್ತಾರೆಯೇ? ಇಲ್ಲ ಕಣ್ರೀ. ಅದೇ ತೊಂದರೆ. ಈ ‘ನಮ್ದು’ ಅನ್ನುವ ಮಾತಿಗೆ ಕಾಲವೇ ಇಲ್ಲ. ಭೂತ, ವರ್ತಮಾನ, ಭವಿಷ್ಯತ್ ಯಾವುದೂ ಅಂಟುವುದಿಲ್ಲ. ಮಾರಿದ್ದೂ ನಮ್ದು, ಇರುವುದೂ ನಮ್ದು, ನಾಳೆ ಬರಬಹುದಾದದ್ದೂ ನಮ್ದು. ನಮ್ಮವರ ‘ನಮ್ದೇ ಕಂಪ್ಯೂಟರ್’ ಇಡೀ ಒಂದು ವರ್ಷವನ್ನು ನುಂಗಿದ್ದು ಇದೇ ಕಾರಣಕ್ಕೆ. ಆದರೆ ಅರ್ಜಿ ಫಾರಂಗೆ ಇದೊಂದೂ ಅರ್ಥವಾಗುವುದಿಲ್ಲ. ಅದರಲ್ಲಿರುವುದು ಎರಡೇ ಚೌಕ, ಇದೆ ಮತ್ತು ಇಲ್ಲ.

‘ಅಯ್ಯೋ ಮೇಡಂ, ಅದೆಲ್ಲ ಮಾರಿ ತುಂಬಾ ವರ್ಷ ಆಯ್ತು. ಕಾರ್ ಎದುರು ಮನೆಯವರದು. ಹಸುಗಳು ಅಂತೂ...’ ಎಂದು ನಾನು ಶುರು ಮಾಡಿದೆ. ಹಸುಗಳಿಗೇನಾಯಿತು ಎಂದು ನನಗೇ ಗೊತ್ತಿರಲಿಲ್ಲ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಕೋಪ ಇರಲಿಲ್ಲ, ಬೇಸರ ಇತ್ತು. ‘ನೋಡಮ್ಮ, ನೀವು ಕಳಿಸಿರೋ ಇನ್‌ಕಮ್ ಸರ್ಟಿಫಿಕೇಟ್ ಒಂದು ಹೇಳ್ತಿದೆ. ಮನೆ ಹಿರಿಯರು ಇನ್ನೊಂದು ಹೇಳ್ತಿದಾರೆ. ನಾನು ಯಾವುದನ್ನ ಬರೀಲಿ? ಈ ಲಿಸ್ಟ್‌ನಲ್ಲಿ ಇನ್ನೂ ಎಷ್ಟೋ ಮಕ್ಕಳಿದಾರೆ.’ ಆಮೇಲೆ ಅತ್ತೆಯತ್ತ ತಿರುಗಿದರು. ‘ಅಜ್ಜಿ, ನಮ್ದು ನಮ್ದು ಅಂದ್ರಲ್ಲ, ಅದು ಈಗಿಂದಾ, ಆಗಿಂದಾ?’

‘ನಮ್ದು ಅಂದ್ರೆ ನಮ್ದು ಕಣವ್ವ. ಅದ್ರಾಗೆ ಆಗ ಈಗ ಏನೈತೆ?’

ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

ಸಿಂಚನಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಿ ನನಗೆ ರೇಗಿಹೋಯಿತು. ಬಂದವರೆದುರಿಗೇ ಕೇಳಿಬಿಟ್ಟೆ, ‘ಯಾಕ್ ಅತ್ತೆ ಹಂಗ್ ಹೇಳಿದ್ರಿ? ಅವರು ಬಂದಿದ್ದು ಯಾತಕ್ಕೆ ಅಂತ ನಿಮಗೆ ಗೊತ್ತಿರ್ಲಿಲ್ವಾ?’

‘ಗೊತ್ತಿದ್ದಕ್ಕೇ ಏಳಿದ್ದು,’ ಎಂದರು ಅತ್ತೆ. ‘ದುಡ್ಡು ಕೊಡೋರು ಮೊದ್ಲು ಕೇಳೋದೇ ನಿನ್ ತಾವ ಏನೈತೆ ಅಂತ. ಸೊಸೈಟಿನಾಗೂ ಅಂಗೇ ಕೇಳವ್ರೆ, ಬ್ಯಾಂಕ್ನಾಗೂ ಅಂಗೇ ಕೇಳವ್ರೆ. ಚೀಟಿ ಎತ್ತಕ್ಕೋದ್ರೆ ಅಲ್ಲೂ ಅಷ್ಟೇ. ಏನೂ ಇಲ್ಲ ಅಂದೋರಿಗೆ ಯಾರಾನ ಒಂದು ರೂಪಾಯಿ ಕೊಟ್ಟವ್ರಾ? ಮಗೀಗೆ ಸಿಗ್ಲಿ ಅಂತ ಇಂಗೆ ಏಳಿದೆ. ನಂದೇನಮ್ಮ ತಪ್ಪು?’

ನನಗೆ ಅವಮಾನವಾಯಿತು, ಅತ್ತೆಯ ಮಾತಿನಿಂದಲ್ಲ, ನನ್ನ ಸಿಟ್ಟಿನಿಂದ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಎಪ್ಪತ್ತು ವರ್ಷ ಅವರು ನೋಡಿದ ಲೋಕ ಹಾಗೇ ನಡೆದಿದೆ. ಎಜುಕೇಶನ್ ಲೋನ್ ಕೇಳಲು ಹೋದಾಗ ನಮ್ಮನ್ನೂ ಕೇಳಿದ್ದು ಅದನ್ನೇ ಅಲ್ಲವೇ? ಆಸ್ತಿ ಇದೆಯಾ, ಜಾಮೀನು ಯಾರು? ಇದೆ ಅಂದವರಿಗೆ ಸಾಲ, ಇಲ್ಲ ಅಂದವರಿಗೆ ಸಹಾಯ. ಎರಡಕ್ಕೂ ಬಂದು ಕೂರುವವರ ಕೈಯಲ್ಲಿ ಒಂದೇ ಥರದ ಪ್ಯಾಡು. ಅಜ್ಜಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಇಷ್ಟಕ್ಕೂ ಅವರು ಮಗುವಿಗಾಗಿ ನಮ್ಮನ್ನು ಶ್ರೀಮಂತರನ್ನಾಗಿ ಮಾಡಿದರು. ನಾನು ಅದೇ ಮಗುವಿಗಾಗಿ ಮಿಕ್ಸಿ ಬಚ್ಚಿಟ್ಟಿದ್ದೆ. ಹೆಚ್ಚು ಸುಳ್ಳು ಯಾರದು?

ಅಷ್ಟರಲ್ಲಿ ನಮ್ಮವರು ಬೆವರುತ್ತಾ ಜೆರಾಕ್ಸ್ ಕಟ್ಟು ಹಿಡಿದು ಬಂದರು. ಆಧಾರ್, ಮಾರ್ಕ್ಸ್ ಕಾರ್ಡ್, ಕರೆಂಟ್ ಬಿಲ್, ಬಾಡಿಗೆ ಕರಾರು, ಎಲ್ಲವೂ ಮೂರು ಮೂರು ಪ್ರತಿ. ಮೇಡಂ ಅವನ್ನು ತಿರುವಿ ಹಾಕಿ, ‘ಇಷ್ಟು ಸಾಲಲ್ಲ. ಜಮೀನು ಮಾರಿದೀವಿ ಅನ್ನೋದಕ್ಕೆ ಕ್ರಯಪತ್ರದ ಕಾಪಿ ಇದ್ರೆ ಕೊಡಿ. ನಾನು ಬರ್ಕೊಂಡಿದ್ದನ್ನ ಅಳಿಸೋ ಹಾಗಿಲ್ಲ. ಪಕ್ಕದಲ್ಲಿ ಸೇರಿಸಬಹುದು ಅಷ್ಟೇ’ ಎಂದರು.

ನಮ್ಮವರು ತಾಯಿಯ ಮುಖ ನೋಡಿದರು. ನಾನು ನೆಲ ನೋಡಿದೆ.

ಮಾರಿದವರ ಪಾಲಿಗೆ ಉಳಿದ ಆ ಪತ್ರದ ನಕಲು ಇರುವುದು ಅತ್ತೆಯ ಕಬ್ಬಿಣದ ಟ್ರಂಕಿನಲ್ಲಿ. ಊರಿನ ಕಾಗದಕ್ಕೆಲ್ಲ ಪ್ರತಿ ಮಾಡಿಕೊಡುವ ಮಗನಿಗೆ ಆ ಒಂದು ಕಾಗದವನ್ನು ಮಾತ್ರ ಅವರು ಯಾವತ್ತೂ ಕೊಟ್ಟಿಲ್ಲ. ಹಿಂದೊಮ್ಮೆ ಕೇಳಿದ್ದಕ್ಕೆ, ‘ಅದನ್ನ ಆ ಮಿಷನ್ನಿಗೆ ಆಕ್ಬೇಡ. ಒಂದಿರೋದೇ ಸಾಕು’ ಎಂದಿದ್ದರು. ಮತ್ತೆ ಯಾರೂ ಕೇಳಿರಲಿಲ್ಲ.

ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. ಸಿಂಚನಾ ಕೈ ಕೊಡಲು ಹೋದಳು, ಬೇಡ ಎಂದರು. ಒಳಗೆ ಟ್ರಂಕಿನ ಚಿಲಕ ಸದ್ದು ಮಾಡಿತು. ಒಂದಷ್ಟು ಹೊತ್ತಾದ ಮೇಲೆ ಹಳದಿ ಬಟ್ಟೆಯಲ್ಲಿ ಸುತ್ತಿದ ಕಾಗದ ತಂದು ಮೇಡಂ ಕೈಯಲ್ಲಿಟ್ಟರು.

ಮೇಡಂ ಓದುತ್ತಾ ಹೋದರು. ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ, ಇನ್ನು ಮುಂದೆ ಸದರಿ ಸ್ವತ್ತಿನಲ್ಲಿ ನಮಗಾಗಲೀ ನಮ್ಮ ವಾರಸುದಾರರಿಗಾಗಲೀ ಯಾವುದೇ ಹಕ್ಕು ಇರುವುದಿಲ್ಲ ಎಂಬ ಸಾಲು. ಕೊನೆಯ ಪುಟದಲ್ಲಿ ಮಾವನ ಸಹಿ, ಅದರ ಕೆಳಗೆ ಅತ್ತೆಯ ಹೆಬ್ಬೆಟ್ಟು. ಮೇಡಂ ಪೆನ್ನು ತೆರೆದು ಕಾದರು. ಅತ್ತೆಯೇ ಹೇಳಿದರು.

‘ಬರ್ಕೊಳವ್ವ. ನಮ್ದಾಗಿತ್ತು.’

ಮದುವೆಯಾಗಿ ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಆ ಮಾತಿಗೆ ಅವರು ‘ಇತ್ತು’ ಸೇರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮವರು ಕಾಗದವನ್ನು ಜೆರಾಕ್ಸ್‌ಗೆ ಒಯ್ಯಲಿಲ್ಲ. ಮೇಡಂ ತಮ್ಮ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು, ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ತಾವೇ ಅತ್ತೆಯ ಮಡಿಲಲ್ಲಿ ಇಟ್ಟರು.

ಹೊರಡುವಾಗ ಬಾಗಿಲಲ್ಲಿ ನಿಂತು ಮೇಡಂ ನನಗೆ ಎರಡು ಮಾತು ಹೇಳಿದರು. ಒಂದು, ಹಣ ಸಿಕ್ಕರೂ ಪ್ರತಿ ವರ್ಷ ಮಾರ್ಕ್ಸ್ ಕಾರ್ಡ್ ಲಗತ್ತಿಸಿ ಮತ್ತೆ ಅರ್ಜಿ ಹಾಕಬೇಕು, ಮರೆಯಬೇಡಿ. ಇನ್ನೊಂದು, ‘ಮಿಕ್ಸಿ ಇದ್ರೆ ಯಾರೂ ಸ್ಕಾಲರ್‌ಶಿಪ್ ಬೇಡ ಅನ್ನಲ್ಲ ಕಣಮ್ಮ. ಮಂಚದ ಕೆಳಗಿಂದ ವೈರ್ ಕಾಣ್ತಿತ್ತು.’

ಹೋದ ವಾರ ಪತ್ರ ಬಂತು. ಎರಡನೇ ವರ್ಷದ ಫೀಸು ಪೂರ್ತಿ ಟ್ರಸ್ಟಿನದು. ಸಿಂಚನಾ ಅದನ್ನು ಮೂರು ಸಲ ಓದಿ, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಮ್ಮವರು ಪತ್ರವನ್ನು ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಕೊಂಡು ಬಂದರು. ಯಾರೂ ಹೇಳಿರಲಿಲ್ಲ.

ಸಂಜೆ ನಾನು ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಅತ್ತೆ ಕಾಂಪೌಂಡ್ ಗೋಡೆಗೆ ಮೊಣಕೈ ಊರಿ ಪಕ್ಕದ ಮನೆ ಮುನಿಯಮ್ಮನ ಜೊತೆ ನಿಂತಿದ್ದರು. ಮೊಮ್ಮಗಳ ಫೀಸು ಯಾರು ಕಟ್ಟುತ್ತಾರಂತೆ ಎಂದು ಮುನಿಯಮ್ಮ ಕೇಳಿರಬೇಕು. ಅತ್ತೆ ಸೆರಗು ಸರಿಮಾಡಿಕೊಂಡು ಹೇಳುತ್ತಿದ್ದರು.

‘ಆರ್ಟಿ ನಗರದ ತಾವ ಒಂದು ಟ್ರಸ್ಟ್ ಐತಲ್ಲ, ಅದೂ ನಮ್ದೇ.’